ನೆಟ್ಟಗೆ ಕಂಡ ಹರಿಗೋಲು

ಜಗತ್ತನ್ನು ತಲೆಕೆಳಗಾಗಿ ನೋಡುವುದಕ್ಕೆ ಕೈಯಿಂದ ಕಾಸು ಕೊಟ್ಟ ಮನುಷ್ಯ ನಾನು. ಯುದ್ಧದ ವರ್ಷಗಳಲ್ಲಿ ಹಾಸನದಲ್ಲಿ ಮೇಷ್ಟ್ರಾಗಿದ್ದೆ. ತೋಟ ಮಾರಿ ಹೊರಟ ಕಾಫಿ ದೊರೆಯೊಬ್ಬನ ಸಾಮಾನು ಹರಾಜಿನಲ್ಲಿ ಎಲ್ಲರೂ ಕುರ್ಚಿ, ಮಂಚಗಳಿಗೆ ಕೂಗಿದರೆ ನಾನು ಮುಕ್ಕಾಲಿಯ ಮೇಲಿನ ಹಿತ್ತಾಳೆ ದುರ್ಬೀನಿಗೆ ಕೂಗಿದೆ. ಪೈಪೋಟಿಗೆ ಒಬ್ಬರೂ ಇರಲಿಲ್ಲ.

ಅದರ ಗುಟ್ಟೇನೂ ದೊಡ್ಡದಲ್ಲ. ಮುಂದಿನ ದೊಡ್ಡ ಗಾಜು ದೂರದ ಬೆಳಕನ್ನು ಬಾಗಿಸಿ ಕೊಳವೆಯೊಳಗೆ ಪುಟ್ಟ ಬಿಂಬ ಕಟ್ಟುತ್ತದೆ. ಕಣ್ಣಿನ ಕಡೆಯ ಚಿಕ್ಕ ಗಾಜು ಭೂತಕನ್ನಡಿಯ ಹಾಗೆ ಅದನ್ನು ಹಿಗ್ಗಿಸುತ್ತದೆ. ಬೆಳಕು ನಡುವೆ ಅಡ್ಡ ಹಾಯುವುದರಿಂದ ಬಿಂಬ ತಲೆಕೆಳಗು. ಚಂದ್ರನಿಗೆ ಇದರಿಂದ ತೊಂದರೆಯಿಲ್ಲ, ತೊಂದರೆ ನಮ್ಮವ್ವನಂಥವರಿಗೆ.

ಹೊಳೆನರಸೀಪುರದ ಕೆಳಗೆ, ಹೇಮಾವತಿಯ ದಂಡೆಯಲ್ಲಿ ನಮ್ಮೂರು. ರಜಕ್ಕೆ ದುರ್ಬೀನನ್ನೂ ಕರೆದೊಯ್ದಿದ್ದೆ. ಎದುರುಮನೆ ಹೆಂಚು ಕೆಳಗೆ ಜೋತುಬಿದ್ದದ್ದು ಕಂಡು ಅವ್ವ ಬೆಚ್ಚಿದಾಗ, "ಇದ್ರಾಗೆ ಮೇಲಿರೋದು ಕೆಳಗೆ ಕಣವ್ವ, ಕೆಳಗಿರೋದು ಮೇಲೆ" ಎಂದು ಪಾಠ ಹೇಳಿದ್ದೆ. ನನ್ನ ಹುಡುಗರಿಗಿಂತ ಬೇಗ ಕಲಿತಳು.

ಅದೇ ವಾರ ತಂಗಿ ನಂಜಮ್ಮ ಅರಕಲಗೂಡು ಕಡೆಯಿಂದ ಚೊಚ್ಚಲ ಹೆರಿಗೆಗೆ ಬರುವುದಿತ್ತು. ಅವಳು ಬರುವ ದಿನ ಬೆಳಗ್ಗೆಯೇ ಹೊಳೆ ಏರಿತ್ತು. ಸೇತುವೆಯಿಲ್ಲ, ಬುಟ್ಟಿಯಂಥ ಹರಿಗೋಲೇ ಗತಿ. ಜಗಲಿಯಿಂದ ಆಚೆದಡ ಬರಿಗಣ್ಣಿಗೆ ಮಸುಕು. ಮುಕ್ಕಾಲಿ ಊರಿದೆ. ಮೊದಲು ಕಡಿಮೆ ಹಿಗ್ಗಿಸುವ ಗಾಜು ಸಿಕ್ಕಿಸಬೇಕು, ಕೊಳವೆಯ ಮೇಲಿಂದಲೇ ಗುರಿ ಹಿಡಿಯಬೇಕು, ಆಮೇಲೆ ತಿರುಪನ್ನು ನಿಧಾನ ತಿರುವಬೇಕು. ಎಲ್ಲ ಗೊತ್ತು. ಆದರೆ ಕೈ ನಡುಗಿದರೆ ಹೊಳೆಯೂ ನಡುಗುತ್ತದೆ.

ಅವ್ವ ನನ್ನನ್ನು ಸರಿಸಿ ಕಣ್ಣಿಟ್ಟಳು. "ಜೊಂಡಿನತ್ರ ಅರಿಗೋಲು ಕಾಣ್ತದೆ ಕಣ್ಲಾ. ಬಾಯಿ ಮೇಲಾಗಿ ನೆಟ್ಟಗೈತೆ." ಅಲ್ಲಿಗೇ ಅವಳ ದನಿ ಸಣ್ಣಗಾಯಿತು. "ನೆಟ್ಟಗೆ ಕಂಡ್ರೆ ಮಗುಚೈತೆ ಅಂತ ಅಲ್ವೇನ್ಲಾ? ನೀನೇ ಯೇಳ್ದೆಯಲ್ಲ."

ನಾನು ನೋಡಿದೆ. ಗಾಜಿನಲ್ಲಿ ಹರಿಗೋಲು ನೆಟ್ಟಗೇ ಇತ್ತು, ಹೊಳೆ ಹರಿಯುವ ದಿಕ್ಕಿಗೇ ಸಾಗುತ್ತಿತ್ತು. ಅಂದರೆ ಮಗುಚಿ ಕೊಚ್ಚಿಹೋಗುತ್ತಿದೆ. ಅವ್ವ "ನಂಜೀ" ಎಂದವಳು ಕಂಬ ಹಿಡಿದು ಕುಸಿದಳು. ಓಡೋಣವೆಂದರೆ ಹೊಳೆ ದೂರ. ಕಣ್ಣು ಕೀಳೋಣವೆಂದರೆ ಧೈರ್ಯವಿಲ್ಲ. ಕೊಳವೆಯನ್ನು ಹರಿಗೋಲು ಹೋದತ್ತ ತಳ್ಳಿದೆ. ಅದು ಪೂರಾ ತಪ್ಪಿಹೋಯಿತು. ಬೈದುಕೊಂಡು ಹಿಂದಕ್ಕೆಳೆದೆ. ಸಿಕ್ಕಿತು. ಜೊಂಡು ಮುಗಿದಲ್ಲಿ ಹರಿಗೋಲಿನ ಬಾಯಿಂದ ಎರಡು ಬರಿಗಾಲು ಮೇಲಕ್ಕೆ ಚಾಚಿ, ಠೀವಿಯಿಂದ ನಡೆಯುತ್ತಿದ್ದವು.

ಆಗ ತಲೆಗೆ ಹೊಳೆಯಿತು: ದುರ್ಬೀನು ಮೇಲುಕೆಳಗನ್ನಷ್ಟೇ ಅಲ್ಲ, ಎಡಬಲವನ್ನೂ ಅದಲುಬದಲು ಮಾಡುತ್ತದೆ. ಪಾಠದ ಆ ಅರ್ಧವನ್ನು ಮೇಷ್ಟ್ರೇ ಮರೆತಿದ್ದರು. ನೀರು ಸೆಳೆಯುವ ದಿನ ನಮ್ಮ ಅಂಬಿಗರು ಹರಿಗೋಲನ್ನು ಬೋರಲಾಗಿ ತಲೆಮೇಲೆ ಹೊತ್ತು ದಡದಲ್ಲೇ ಹೊಳೆಗೆ ಎದುರಾಗಿ ಬಹುದೂರ ಹೋಗಿ ನೀರಿಗಿಳಿಸುತ್ತಾರೆ. ಸೆಳವೇ ಅದನ್ನು ಈಚೆದಡದ ನಮ್ಮ ಕಡವಿಗೆ ತಂದು ಬಿಡುತ್ತದೆ. ಇಷ್ಟು ಹೊತ್ತು ಜೊಂಡು ಮರೆಮಾಡಿದ್ದ ಅಂಬಿಗನ ಹಿಂದೆ ಸೊಂಟಕ್ಕೆ ಕೈಕೊಟ್ಟು, ತಲೆಕೆಳಗಾಗಿ, ನಮ್ಮ ನಂಜಿ ಬರುತ್ತಿದ್ದಳು. ನನಗೆ ಅಳುವೇ ಬಂತು.

"ನಡ್ಕಂಡ್ ಬತ್ತಾವಳೆ ಕಣವ್ವ" ಎಂದೆ. ಅವ್ವ ನಂಬಲಿಲ್ಲ. "ಎತ್ತಿಡ್ಲಾ ಅದ್ನ" ಎಂದು ಕಡವಿಗೆ ಓಡಿದಳು. ಹರಿಗೋಲು ಗಿರಗಿರ ತಿರುಗುತ್ತ ದಡ ಮುಟ್ಟುವ ಮೊದಲೇ ನೀರಿಗಿಳಿದು ಮಗಳ ತೋಳು ಹಿಡಿದಳು.

ದುರ್ಬೀನು ಅಟ್ಟ ಸೇರಿತು. ಕೆಲವು ವಾರ ಕಳೆದು ಸೂಲಗಿತ್ತಿ ನಂಜಿಯ ಹೊಟ್ಟೆ ಸವರಿ, "ಕೂಸು ತಲೆಕೆಳಗಾಗಿ ತಿರಿಕ್ಕಂಡೈತೆ" ಎಂದಳು. ಬಾಗಿಲಲ್ಲಿದ್ದ ನನ್ನ ಮುಖ ಬಿಳಿಚಿಕೊಂಡಿತು. ಹರಿಗೋಲಿನ ದಿನದ ಆಮೇಲೆ ಅವ್ವ ಮೊದಲ ಸಲ ನಕ್ಕಳು.

"ಎದರ್ಕಬ್ಯಾಡ ಕಣ್ಲಾ. ಅದಕ್ಕೆ ಅದೇ ನೆಟ್ಟಗೆ."