ಮಂಚದ ಕಾಲೇ ಮೂಲಬಿಂದು

ಭೂಮಿ ತನ್ನ ಅಕ್ಷ ಮರೆತು ಅತ್ತಿತ್ತ ಓಲಾಡಿದರೂ ರೇಖಾಗಣಿತದ ಮೇಡಂ ಮಾತ್ರ ತಮ್ಮ ಅಕ್ಷ ಬಿಟ್ಟು ಕದಲುವವರಲ್ಲ ಎಂಬುದು ಆ ಶಾಲೆಯ ನಂಬಿಕೆ. ಒಮ್ಮೆ ತಪಾಸಣೆಗೆ ಬಂದ ಸಾಹೇಬರ ಕನ್ನಡಕ ಕಾಣೆಯಾಗಿ ಸಿಬ್ಬಂದಿಯೆಲ್ಲ ಮೇಜಿನ ಕೆಳಗೆ ತೆವಳುತ್ತಿದ್ದಾಗ, ಮೇಡಂ ಪುಸ್ತಕ ತಿದ್ದುತ್ತ, ತಲೆಯನ್ನೂ ಎತ್ತದೆ, “ಮೈನಸ್ ಎರಡು, ಒಂದು” ಎಂದರಂತೆ. ಅವರ ಕುರ್ಚಿಯನ್ನು ಮೂಲಬಿಂದು ಮಾಡಿಕೊಂಡು ಎಡಕ್ಕೆ ಎರಡು ಹೆಜ್ಜೆ, ಮುಂದಕ್ಕೆ ಒಂದು ಹೆಜ್ಜೆ ಇಟ್ಟು ನೋಡಿದರೆ ಕನ್ನಡಕ ಅಲ್ಲೇ ಕಾಯುತ್ತಿತ್ತಂತೆ. ಅಂದಿನಿಂದ ಅವರು ಮೂಲಬಿಂದು ಮೇಡಂ. ವಿಜ್ಞಾನದ ಮೇಷ್ಟ್ರು ಈ ಕಥೆ ಹೇಳಿದಾಗಲೆಲ್ಲ ಸಾಹೇಬರಿಗೆ ಒಂದೊಂದು ಬಡ್ತಿ ಸಿಗುತ್ತದೆ. ಈಚೆಗೆ ಅವರು ಮಂತ್ರಿಯಾಗುವ ಹಂತಕ್ಕೆ ಬಂದಿದ್ದಾರೆ.

ಇಂಥ ವೀರವನಿತೆಗೆ ಮನೆಯಲ್ಲಿ ಎದುರಾದದ್ದು ಬೇರೆಯೇ ಲೆಕ್ಕ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುತ್ತಿದ್ದ ಗಂಡನಿಗೆ ಕಣ್ಣು ಪೂರ್ತಿ ಹೋಗಿತ್ತು. ಹೋದ ತಿಂಗಳು, ಮೇಡಂ ಶಾಲೆಯಲ್ಲಿದ್ದಾಗ, ನೀರಿಗೆಂದು ಎದ್ದವರು ಎಡವಿ ಬಿದ್ದು ಹುಬ್ಬು ಒಡೆದುಕೊಂಡರು. ಸಂಜೆಯವರೆಗೆ ನೆಲದ ಮೇಲೇ ಇದ್ದರು. ಸುದ್ದಿ ಕೇಳಿದ ನಾದಿನಿ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು: “ಅತ್ತಿಗೆ, ಭಾನುವಾರ ಬರ್ತೀನಿ. ಅಣ್ಣ ಯಾರ ಸಹಾಯನೂ ಇಲ್ದೆ ಒಂದು ಲೋಟ ನೀರು ತಂದು ಕುಡಿದ್ರೆ ಸರಿ. ಇಲ್ದಿದ್ರೆ ನಮ್ಮನೆಗೆ ಕರ್ಕೊಂಡು ಹೋಗ್ತೀನಿ.”

ಕೆಲಸ ಬಿಡುವಂತಿರಲಿಲ್ಲ. ಗಂಡನನ್ನು ಬಿಟ್ಟಿರುವುದನ್ನಂತೂ ಮೇಡಂ ಯೋಚಿಸಿಯೇ ಇರಲಿಲ್ಲ. ಉಳಿದದ್ದು ಆರು ದಿನ. ಅವರು ನೆಲ ನೋಡಿದರು. ಚೌಕ ಚೌಕ ಟೈಲ್ಸ್. ಇಷ್ಟು ವರ್ಷ ಗ್ರಾಫ್ ಹಾಳೆಯ ಮೇಲೆ ಸಂಸಾರ ಮಾಡಿಯೂ ಗೊತ್ತಾಗಿರಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು.

“ರೀ, ಮಂಚದ ಈ ಕಾಲು ಮೂಲಬಿಂದು. ಬೀದಿಬಾಗಿಲ ಕಡೆ ಎಕ್ಸ್ ಅಕ್ಷ, ಕಿಟಕಿ ಗೋಡೆ ಕಡೆ ವೈ ಅಕ್ಷ. ನೀರಿನ ಗೂಡು ಐದು, ನಾಲ್ಕು. ಅಂದ್ರೆ ಐದು ಟೈಲ್ಸ್ ನಡೆದು, ಎಡಕ್ಕೆ ತಿರುಗಿ, ಮತ್ತೆ ನಾಲ್ಕು. ಅದರಾಚೆ ಕಿಟಕಿ, ಏಳು, ನಾಲ್ಕು.”

“ಶಾಲೆಯಲ್ಲಿ ಇದರಲ್ಲೇ ಫೇಲಾಗಿದ್ದೆ ಕಣೆ.”

“ಆಗ ನಿಮಗೆ ನಾನು ಪಾಠ ಮಾಡಿರ್ಲಿಲ್ಲ.”

ಗಂಡ ಬರಿಗಾಲಿನ ಹೆಬ್ಬೆರಳಿನಿಂದ ಟೈಲ್ಸಿನ ಸಂದು ತಡವುತ್ತ ಎಣಿಸಿದರು. ಹೋಗುವುದು ಮೂರನೆಯ ದಿನಕ್ಕೇ ಬಂತು. ಬರುವಾಗಲೂ ಎಡಕ್ಕೇ ತಿರುಗಿ ಬಾಗಿಲಿಗೆ ಹಣೆ ಬಡಿದುಕೊಂಡರು.

“ವಾಪಸ್ ಬರುವಾಗ ಎಡ ಹೋಗಿ ಬಲ ಆಗುತ್ತೆ ರೀ. ಕನ್ನಡಿಯಲ್ಲಿ ನೋಡಿದ ಹಾಗೆ. ಅದು ಪ್ರತಿಫಲನ.”

“ಕನ್ನಡಿ ನೋಡಿ ವರ್ಷ ಆಯ್ತಲ್ಲೇ,” ಎಂದರು ಅವರು. ಮೇಡಂ ಅವರ ಕೈ ಹಿಡಿದು ಗೂಡಿನಲ್ಲಿದ್ದುದನ್ನು ಮುಟ್ಟಿಸಿದರು.

“ಇದು ಸಿಲಿಂಡರ್, ನೀರಿನ ಬಾಟ್ಲಿ. ಇದು ಆಯತಘನ, ಮಾತ್ರೆ ಡಬ್ಬಿ.”

“ಗೋಳ ಯಾವುದು?”

“ಅದು ನಿಮ್ಮ ಜೊತೆನೇ ಬರುತ್ತೆ,” ಎಂದು ಮೇಡಂ ಅವರ ಹೊಟ್ಟೆ ತಟ್ಟಿದರು. ಹುಬ್ಬು ಒಡೆದ ಮೇಲೆ ಅವರು ನಕ್ಕದ್ದು ಅಂದೇ.

ಭಾನುವಾರ ನಾದಿನಿ ಬಂದಳು. ಕೈ ಕಟ್ಟಿ ಕೂರುವ ಜಾಯಮಾನದವಳಲ್ಲ. ಅಣ್ಣ ಸ್ನಾನಕ್ಕೆ ಹೋಗಿದ್ದಾಗ, ಅತ್ತಿಗೆ ಅಡುಗೆಮನೆಯಲ್ಲಿದ್ದಾಗ, ಪೊರಕೆ ಹಿಡಿದು ಮಂಚ ಎಳೆದು ಮೂಲೆಯೆಲ್ಲ ಗುಡಿಸಿದಳು. ಆಮೇಲೆ ಅಣ್ಣನನ್ನು ಕೈ ಹಿಡಿದು ತಂದು ಮಂಚದ ಮೇಲೆ ಕೂರಿಸಿ ಹೇಳಿದಳು: “ಎಲ್ಲಿ, ನೀರು ತಗೊಂಡು ಬಾ ನೋಡೋಣ.”

ಅವರು ಎದ್ದು ಮಂಚದ ಕಾಲು ಮುಟ್ಟಿಕೊಂಡು ಹೊರಟರು. ಐದು ಟೈಲ್ಸ್. ಎಡಕ್ಕೆ ತಿರುಗಿ ನಾಲ್ಕು. ಚಾಚಿದ ಕೈಗೆ ಗೂಡು ಸಿಗಲಿಲ್ಲ, ಕಿಟಕಿಯ ಸರಳು ಸಿಕ್ಕಿತು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮೇಡಂ ಆಗ ಮಂಚ ನೋಡಿದರು. ಎರಡು ಟೈಲ್ಸ್ ಬೀದಿಬಾಗಿಲ ಕಡೆಗೆ ಸರಿದಿತ್ತು. ಮೂವತ್ತು ಬ್ಯಾಚಿಗೆ ಪಾಠ ಹೇಳಿದವಳು, ಎಳೆದರೆ ಬರುವ ವಸ್ತುವಿನ ಕಾಲಿಗೆ ಮೂಲಬಿಂದು ಕಟ್ಟಿದೆನಲ್ಲ. ಬಾಯಿ ಬಿಟ್ಟರೆ ಸಹಾಯ ಮಾಡಿದಂತೆ. ಗಂಡನ ಚೀಲ ಸಿದ್ಧವಾಗುತ್ತದೆ. ಅವರು ಸೆರಗು ಕಚ್ಚಿಕೊಂಡು ನಿಂತರು.

ಅಣ್ಣನ ಕೈ ಸರಳುಗಳ ನಡುವೆ ತಡಕಾಡುವುದನ್ನು ಕಂಡು ನಾದಿನಿಯ ಕಣ್ಣು ತುಂಬಿತು. “ಸಾಕು ಅಣ್ಣ, ಬಾ.”

“ತಾಳು ಮಾರಾಯ್ತಿ.” ಅವರು ಸರಳು ಹಿಡಿದೇ ತಲೆ ಓರೆ ಮಾಡಿದರು, ನಿಂತ ಗಡಿಯಾರವನ್ನು ಕಿವಿಗಿಟ್ಟು ಆಲಿಸುತ್ತಿದ್ದ ಹಾಗೆ. “ಕಿಟಕಿ ಏಳು, ನಾಲ್ಕು. ನಾನು ನಡೆದದ್ದು ಐದೇ. ನಾನು ತಪ್ಪು ಎಣಿಸಿಲ್ಲ. ಯಾರೋ ಮಂಚ ಸರಿಸಿದ್ದಾರೆ, ಎರಡು.”

ಎಡಕ್ಕೆ ಎರಡು ಟೈಲ್ಸ್ ಸರಿದರು. ಆಯತಘನ ಮುಟ್ಟಿ ಬಿಟ್ಟರು, ಸಿಲಿಂಡರ್ ಹಿಡಿದರು. ತಿರುಗಿ ನಾಲ್ಕು ಬಂದು, ಬಲಕ್ಕೆ ಹೊರಳಿ, ಐದರ ಬದಲು ಮೂರೇ ಹೆಜ್ಜೆಗೆ ಮಂಚ ಮುಟ್ಟಿ ಕುಳಿತು ಗಟಗಟನೆ ಕುಡಿದರು. ಪೊರಕೆ ಮೂಲೆ ಸೇರಿತು. ಸಂಜೆ ನಾದಿನಿ ಒಬ್ಬಳೇ ಹೋದಳು.

ಮರುದಿನ ವಿಜ್ಞಾನದ ಮೇಷ್ಟ್ರ ಬಾಯಲ್ಲಿ ಮಂಚ ಎರಡು ಟೈಲ್ಸಿನಿಂದ ಎರಡು ಕೋಣೆ ದೂರ ಸರಿದಿತ್ತು. “ಸ್ಥಾನಾಂತರದ ಸೂತ್ರಕ್ಕೆ ಜೀವ ತುಂಬಿದಿರಿ ಮೇಡಂ. ಇಡೀ ಗಣಿತಲೋಕ ನಿಮಗೆ ತಲೆಬಾಗಬೇಕು. ಇನ್ನು ಮುಂದಿನ ಸಂಶೋಧನೆ ಏನು?”

ಮೇಡಂ ಪುಸ್ತಕ ತಿದ್ದುತ್ತ, ತಲೆ ಎತ್ತದೆ ಹೇಳಿದರು: “ಮೂಲಬಿಂದುನ ಗೋಡೆ ಮೂಲೆಗೆ ಬದಲಾಯಿಸಿದೀನಿ ಸಾರ್. ಗುಡಿಸೋಕೆ ಅಂತ ಗೋಡೆನ ಯಾರೂ ಸರಿಸಲ್ಲ.”