ಯಾವ ಎಣ್ಣೆ?

ಹಳೆಯ ವಾಲ್ವ್ ರೇಡಿಯೋ ರಿಪೇರಿ ಮಾಡುವವನಿಗೆ ಹಾಡು ಕೇಳಲು ಪುರುಸೊತ್ತಿರುವುದಿಲ್ಲ. ನನ್ನ ಸಂಜೆಗಳೆಲ್ಲ ಕಳೆಯುವುದು ಗೊರಗೊರ ಸದ್ದು ಕೇಳುವುದರಲ್ಲೇ. ಮಧುಗಿರಿಯ ಮಕ್ಕಳಿಗೆ ವಿಜ್ಞಾನದ ಪಾಠ ಹೇಳಿ ಮನೆಗೆ ಬಂದವನು ಯಾವುದೋ ಪೆಟ್ಟಿಗೆಯ ಬೆನ್ನು ಬಿಚ್ಚಿಕೊಂಡು ಕೂತೆನೆಂದರೆ, ನನ್ನ ಹೆಂಡತಿ ಗಿರಿಜಾ ಊಟಕ್ಕೆ ಕೂಗಿ ಕೂಗಿ ಸಾಕಾಗಿ ತಾನೇ ಉಂಡು ಏಳುತ್ತಾಳೆ.

ಈ ಗೊರಗೊರದ ಮೂಲ ಸಾಮಾನ್ಯವಾಗಿ ಬ್ಯಾಂಡ್ ಬದಲಿಸುವ ಸ್ವಿಚ್ಚು. ಅದರೊಳಗೆ ಲೋಹದ ಪುಟ್ಟ ನಾಲಿಗೆಗಳು ಒಂದನ್ನೊಂದು ಮುಟ್ಟಬೇಕು. ಕಿಲುಬು ಹಿಡಿದರೆ ಮುಟ್ಟಿಯೂ ಮುಟ್ಟದಂತಿರುತ್ತವೆ. ಸ್ಪಿರಿಟ್ಟಿನಲ್ಲಿ ತೊಳೆದರೆ ಫಳಫಳ ಹೊಳೆಯುತ್ತವೆ, ನಿಜ. ಆದರೆ ಒಣ ಲೋಹಕ್ಕೆ ಒಣ ಲೋಹ ಉಜ್ಜಿದರೆ ಸವೆಯುತ್ತದೆ. ಅದಕ್ಕೇ ತೊಳೆದ ಮೇಲೆ ಒಂದಿಷ್ಟು ಎಣ್ಣೆಯ ಪಸೆ ಬೇಕು. ಎಣ್ಣೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೂ ನಾಲಿಗೆಗಳು ಒತ್ತಿಕೊಂಡ ಕಡೆ ಅದು ತಾನೇ ಪಕ್ಕಕ್ಕೆ ಸರಿದು, ಉಳಿದ ಕಡೆ ಗಾಳಿ ತಾಗದಂತೆ ಕಾಯುತ್ತದೆ. ಇಷ್ಟು ಸಭ್ಯವಾದ ವಸ್ತುವನ್ನು ನಾನು ಬೇರೆ ಕಂಡಿಲ್ಲ.

ಯಾವ ಎಣ್ಣೆ ಎನ್ನುವಲ್ಲಿ ತಕರಾರು. ಗಿರಿಜಾ ಕೊಬ್ಬರಿ ಎಣ್ಣೆ ಅಂದಳು. ಹಾಕಿ ನೋಡಿದೆ, ಕೆಲವೇ ತಿಂಗಳಲ್ಲಿ ತಾಮ್ರವೆಲ್ಲ ಹಸಿರಾಗಿ, ರೇಡಿಯೋದಿಂದ ಕಮಟು ಚಕ್ಕುಲಿಯ ವಾಸನೆ ಬಂತು. ಪಾವಗಡ ಕಡೆಯ ಸಹೋದ್ಯೋಗಿಯೊಬ್ಬರು ಆಮುದಂ ಬಿಟ್ಟರೆ ಬೇರೆ ಇಲ್ಲವೆಂದರು. ಏನೋ ಫಾರಿನ್ ಮಾಲಿರಬೇಕೆಂದು ಅಂಗಡಿ ಅಂಗಡಿ ಅಲೆದೆ. ನಮ್ಮ ಹರಳೆಣ್ಣೆಯ ತೆಲುಗು ಹೆಸರಂತೆ. ಕೊನೆಗೆ ಹೊಲಿಗೆ ಮಿಷನ್ನಿನ ಎಣ್ಣೆಯೋ ವ್ಯಾಸಲೀನೋ ಎಂದು ಮನಸ್ಸು ತೂಗಾಡತೊಡಗಿತು.

ಹೀಗೆ ತೂಗಾಡುವಾಗ ಮೇಜಿನ ಮೇಲಿದ್ದದ್ದು ನನ್ನ ಮಾವನವರ ರೇಡಿಯೋ. ಮಾವ ಶಿರಾ ಹತ್ತಿರದ ತಾವರೆಕೆರೆಯವರು, ಕಡಲೆಕಾಯಿ ವ್ಯಾಪಾರಿ, ವಿಭೂತಿ ಇಡದೆ ಹೊಸಿಲು ದಾಟದವರು. ಮದುವೆಯಾದಾಗಿನಿಂದ ನನ್ನೊಡನೆ ಆಡಿದ್ದು ಎರಡೇ ಮಾತು: 'ಬಂದ್ರಾ ಅಳಿಯಂದ್ರೆ', 'ಹೊಂಟ್ರಾ ಅಳಿಯಂದ್ರೆ'. ಆ ಬಹುವಚನ ಗೌರವವೋ ದೂರ ಇಡುವ ಉಪಾಯವೋ ನನಗೆ ತಿಳಿದಿರಲಿಲ್ಲ. ಅವರು ನನ್ನನ್ನು ನಂಬಿ ಕೊಟ್ಟ ಮೊದಲ ವಸ್ತು ಆ ರೇಡಿಯೋ. ಅದನ್ನು ಮಾತಾಡಿಸಿಬಿಟ್ಟರೆ ಅವರೂ ಮಾತಾಡಿಯಾರು ಎಂಬ ಆಸೆ ನನಗೆ.

ಗಿರಿಜಾ ಅಪ್ಪನಿಗೆ ಫೋನ್ ಮಾಡಿದಳು. ರೇಡಿಯೋ ಏನಾಯಿತೆಂದು ಅವರು ಕೇಳಿರಬೇಕು. 'ಎಲ್ಲಿ ರೇಡಿಯೋ ಅಪ್ಪ, ಇವ್ರು ದಿನಾ ಸಂಜೆ ಎಣ್ಣೆ ಇಟ್ಕಂಡು ಕೂತ್ಬುಡ್ತಾರೆ. ಮನೆಯೆಲ್ಲ ಸ್ಪಿರಿಟ್ ವಾಸನೆ' ಅಂದಳು. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಪಕ್ಕದಲ್ಲೇ ಕೂತಿದ್ದ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಕಡೆ ಎಣ್ಣೆ ಎಂದರೆ ಒಗ್ಗರಣೆಗೆ ಹಾಕುವುದೂ ಹೌದು, ಗಂಟಲಿಗೆ ಹಾಕುವುದೂ ಹೌದು ಎಂಬುದು ಆ ಗಳಿಗೆಯಲ್ಲಿ ಇಬ್ಬರಿಗೂ ಮರೆತೇಹೋಗಿತ್ತು.

ಮರುದಿನ ಮೊದಲ ಬಸ್ಸಿಗೇ ಮಾವ ಬಂದರು. ಮಗಳು ಕೊಟ್ಟ ಕಾಫಿ ಮುಟ್ಟದೆ ನನ್ನನ್ನು ಹಿತ್ತಲಿಗೆ ಕರೆದೊಯ್ದರು. ಅಲ್ಲಿ ಬಟ್ಟೆ ಒಣಹಾಕುವ ತಂತಿಯನ್ನೇ ನೋಡುತ್ತ ಮೆಲ್ಲಗೆ ಅಂದರು: 'ಎಣ್ಣೆ ಸಾವಾಸ ಬುಟ್ಬುಡಪ್ಪ. ನಾನೂ ಹಾಕ್ತಿದ್ದೆ ಕಣಯ್ಯಾ. ಗಿರಿಜಂಗೆ ಗೊತ್ತಿಲ್ಲ, ಅವಳವ್ವಂಗೆ ಮಾತ್ರ ಗೊತ್ತು. ಬುಡಾದು ಹೆಂಗೆ ಅಂತ ನಾನು ಹೇಳ್ಕೊಡ್ತೀನಿ.'

ಅದು ರೇಡಿಯೋದ ಎಣ್ಣೆ ಎನ್ನಲು ಬಾಯಿ ತೆರೆದವನು ತಡೆದುಕೊಂಡೆ. ನಿಜ ಹೇಳಿದರೆ ನನ್ನ ಮಾನ ಉಳಿಯುತ್ತದೆ, ಅವರ ಮಾನ ಹಿತ್ತಲಲ್ಲೇ ಹೋಗುತ್ತದೆ. ಇಷ್ಟು ವರ್ಷ ಮಗಳಿಗೂ ಹೇಳದೆ ಮುಚ್ಚಿಟ್ಟದ್ದನ್ನು ಆ ಮನುಷ್ಯ ನನಗಾಗಿ, ಅದೂ ಏಕವಚನದಲ್ಲಿ, ಬಿಚ್ಚಿಟ್ಟಿದ್ದರು. ನನ್ನ ಕಣ್ಣು ಒದ್ದೆಯಾಯಿತು. ಅದನ್ನು ಅವರು ಪಶ್ಚಾತ್ತಾಪವೆಂದೇ ತಿಳಿದರು.

'ಬಿಟ್ಟೆ ಮಾವ' ಅಂದೆ. ಶುರು ಮಾಡದೆಯೇ ಬಿಟ್ಟವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಕೊನೆಗೆ ಹೊಲಿಗೆ ಮಿಷನ್ನಿನ ಎಣ್ಣೆಯನ್ನೇ ಕಡ್ಡಿಯ ತುದಿಯಲ್ಲಿ ಸವರಿದೆ. ರೇಡಿಯೋ ಸೊಗಸಾಗಿ ಹಾಡುತ್ತಿದೆ. ಮನೆಯಲ್ಲಿ ಈಗ ಎಣ್ಣೆ ಎಂಬ ಪದವನ್ನೇ ನಾನು ಆಡುವುದಿಲ್ಲ. ರೇಡಿಯೋಗೆ ಮದ್ದು ಅನ್ನುತ್ತೇನೆ. ಮಾವ ಮಾತ್ರ ರೇಡಿಯೋವನ್ನು ಊರಿಗೆ ಒಯ್ಯಲೇ ಇಲ್ಲ. ಅದನ್ನು ಕೇಳುವ ನೆವದಲ್ಲಿ ಭಾನುವಾರ ಬಂದು, ಕಡಲೆಕಾಯಿ ಬಿಡಿಸುತ್ತ ಲೋಕದ ಸುದ್ದಿಯೆಲ್ಲ ಹೇಳುತ್ತಾರೆ. ಅಪ್ಪ ಇಷ್ಟು ಮಾತಾಡಿದ್ದನ್ನು ತಾನು ಕಂಡೇ ಇಲ್ಲವೆಂದು ಗಿರಿಜಾ ಬೆರಗಾಗುತ್ತಾಳೆ. ಅವಳು ಒಳಗೆ ಹೋದದ್ದನ್ನು ನೋಡಿಕೊಂಡು ಅವರು ನನ್ನತ್ತ ಬಾಗಿ, ಹಾಕಿಲ್ಲ ತಾನೆ ಎಂದು ಪಿಸುಗುಡುತ್ತಾರೆ. ಇಲ್ಲ ಮಾವ ಅನ್ನುತ್ತೇನೆ.

'ನಾನೂ ಹಾಕಿಲ್ಲ ಕಣಪ್ಪ' ಅನ್ನುತ್ತಾರೆ.