ಮೆಷಿನ್ನಿನ ಕೊಸರು

ತರೀಕೆರೆ ಬಸ್‌ಸ್ಟ್ಯಾಂಡಿನಿಂದ ಕೂಗಳತೆ ದೂರದಲ್ಲಿ ನಮ್ಮದೊಂದು ಪಾತ್ರೆ ಅಂಗಡಿಯಿತ್ತು. ‘ಇತ್ತು’ ಅಂತ ಬರೆಯುವಾಗಲೇ ನನಗೆ ಸಿಟ್ಟು ಬರುತ್ತದೆ. ವ್ಯಾಪಾರ ಇಲ್ಲದೆ ಮುಚ್ಚಿದ್ದಿದ್ದರೆ ಹಣೆಬರಹ ಅಂತ ಸುಮ್ಮನಾಗುತ್ತಿದ್ದೆ. ವ್ಯಾಪಾರ ಜೋರಾಗಿದ್ದಾಗಲೇ ಮುಚ್ಚಿತು. ಹೀಗೆ ಹೇಳಿದರೆ ಯಾರೂ ನಂಬುವುದಿಲ್ಲ, ನಾನೂ ಹೇಳುವುದನ್ನು ಬಿಟ್ಟಿದ್ದೇನೆ.

ಅಂಗಡಿ ನನ್ನ ಮಾವನವರದು. ನನ್ನ ಗಂಡನಿಗೆ ಪಾತ್ರೆ ವ್ಯಾಪಾರ ಅಂದರೆ ಅಷ್ಟಕ್ಕಷ್ಟೆ. ಅವರು ಕರೆಂಟ್ ಆಫೀಸಿನ ಕೆಲಸ ಹಿಡಿದು ಅಂಗಡಿಯಿಂದ ಕೈ ತೊಳೆದುಕೊಂಡರು. ನಾನು ಕಡೂರಿನಲ್ಲಿ ಬಿ.ಕಾಂ. ಮುಗಿಸಿ ಈ ಮನೆಗೆ ಬಂದವಳು. ಮನೆಯಲ್ಲಿ ಸುಮ್ಮನೆ ಕೂರುವುದು ನನಗೆ ಒಗ್ಗಲಿಲ್ಲ, ಅಂಗಡಿಯಲ್ಲಿ ಮಾವನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡೆ. ನೆಂಟರು ಮೂಗು ಮುರಿದರು. ಅವಳಿಗೆ ಲೆಕ್ಕ ಬರುತ್ತದೆ, ನನಗೆ ಮಾತು ಬರುತ್ತದೆ, ಅಂಗಡಿಗೆ ಎರಡೂ ಬೇಕು ಅಂತ ಹೇಳಿ ಮಾವ ಅವರ ಬಾಯಿ ಮುಚ್ಚಿಸಿದರು.

ನಮ್ಮಿಬ್ಬರಿಗೂ ಜಗಳವಾಗುತ್ತಿದ್ದದ್ದು ಒಂದೇ ವಿಷಯಕ್ಕೆ, ಕೊಸರು. ಯಾರು ಏನೇ ಕೊಂಡರೂ ಕಟ್ಟಿಕೊಡುವಾಗ ಮಾವ ಮೇಲೊಂದು ಇಡುತ್ತಿದ್ದರು. ಕುಕ್ಕರ್ ಕೊಂಡವರಿಗೆ ಒಂದು ಸೌಟು, ಬಿಂದಿಗೆ ಕೊಂಡವರಿಗೆ ಒಂದು ಲೋಟ, ಏನೂ ಇಲ್ಲವೆಂದರೆ ಒಂದು ಚಮಚವಾದರೂ ಸರಿ. ಅದನ್ನು ಬಿಲ್ಲಿಗೆ ಬರೆಯುವ ಹಾಗಿಲ್ಲ. ವರ್ಷಕ್ಕೆ ಎಷ್ಟು ಚಮಚ ಹೀಗೆ ಹೋಗುತ್ತವೆ ಅಂತ ನಾನು ಗೊಣಗಿದರೆ ಅವರದು ಯಾವಾಗಲೂ ಅದೇ ಉತ್ತರ.

‘ಕೊಸರಿಗೆ ಲೆಕ್ಕ ಇಡಬಾರ್ದು ಕಣಮ್ಮ. ಲೆಕ್ಕ ಇಟ್ರೆ ಅದು ಕೊಸರೇ ಅಲ್ಲ.’

ನಮ್ಮ ಹೊಟ್ಟೆ ತುಂಬಿಸುತ್ತಿದ್ದದ್ದು ಮಾತ್ರ ಮದುವೆ ಬಟ್ಟಲು. ಮದುವೆಗೆ ಬಂದವರಿಗೆ ತಾಂಬೂಲದ ಜೊತೆ ಒಂದು ಸ್ಟೀಲ್ ಬಟ್ಟಲು ಕೊಟ್ಟು ಕಳಿಸುವುದು ಈಗ ಎಲ್ಲ ಮನೆಗಳಲ್ಲೂ ಇದೆ. ಎಷ್ಟು ಜನ ಬರುತ್ತಾರೆ ಅಂತ ಯಾರಿಗೆ ಗೊತ್ತು? ಅದಕ್ಕೇ ಅಜ್ಜಂಪುರದವರಾಗಲಿ ಯಗಟಿಯವರಾಗಲಿ ಒಂದಷ್ಟು ಜಾಸ್ತಿಯೇ ಒಯ್ಯುತ್ತಿದ್ದರು. ಮದುವೆ ಮುಗಿದ ಮೇಲೆ ಮಿಕ್ಕಿದ್ದನ್ನು ಚೀಲದಲ್ಲಿ ವಾಪಸ್ ತಂದರೆ ಮಾವ ಗಲ್ಲಾಪೆಟ್ಟಿಗೆಯಿಂದ ದುಡ್ಡು ತೆಗೆದು ಕೊಡುತ್ತಿದ್ದರು. ಹುಡುಗಿ ಹೇಗಿದ್ದಾಳೆ, ಬೀಗರು ಒಳ್ಳೆಯವರಾ ಅಂತ ವಿಚಾರಿಸಿ ಟೀ ಕುಡಿಸಿ ಕಳಿಸುತ್ತಿದ್ದರು. ಅದು ಅವರ ಅಪ್ಪನ ಕಾಲದಿಂದ ಬಂದ ರೂಢಿ. ಅದಕ್ಕೆ ಬಿಲ್ಲೂ ಇಲ್ಲ, ಚೀಟಿಯೂ ಇಲ್ಲ.

ಫೋನಿನಲ್ಲಿ ಸ್ಕ್ಯಾನ್ ಮಾಡುವವರು ಬಂದಾಗ ನಮಗೆ ತೊಂದರೆಯಾಗಲಿಲ್ಲ. ಅದರಲ್ಲಿ ನಮ್ಮ ದುಡ್ಡಿನಿಂದ ಯಾರೂ ಏನೂ ಹಿಡಿದುಕೊಳ್ಳುತ್ತಿರಲಿಲ್ಲ. ಆಮೇಲೆ ಕಾರ್ಡಿನವರು ಬರತೊಡಗಿದರು. ಮದುವೆ ಖರ್ಚಿನಲ್ಲಿ ಕೈ ಬರಿದಾದವರಿಗೆ ಕ್ರೆಡಿಟ್ ಕಾರ್ಡೇ ದಿಕ್ಕು. ಇಲ್ಲಿ ಕಾರ್ಡ್ ನಡೆಯುವುದಿಲ್ಲ ಅಂದರೆ ಎದುರುಗಡೆ ಅಂಗಡಿಗೆ ಹತ್ತುತ್ತಿದ್ದರು. ಹಾಗಾಗಿ ಸ್ವೈಪ್ ಮೆಷಿನ್ ಕಂಪನಿಯವನೊಬ್ಬ ಬಾಗಿಲಿಗೆ ಬಂದಾಗ ಮಾವ ಅವನನ್ನು ಕೂರಿಸಿ ಮಾತಾಡಿಸಿದರು. ಅವನು ನಮ್ಮ ಕಡೆಯವನೇ, ಮಾತು ಬೆಣ್ಣೆಯ ಹಾಗಿತ್ತು. ಇದಕ್ಕೆ ಎಷ್ಟು ಬೀಳುತ್ತದೆ ಅಂತ ಮಾವ ಕೇಳಿದ್ದಕ್ಕೆ ಅವನು ನಕ್ಕ.

‘ಬ್ಯಾಂಕಿನೋರಿಗೆ ಒಂಚೂರು ಕೊಸರು ಅಂತ ತಿಳ್ಕಳಿ ಯಜಮಾನ್ರೇ. ಅಷ್ಟೇಯ.’

ಎಂಥ ಮಾತು ಹುಡುಕಿ ತೆಗೆದ ನೋಡಿ! ಬೇರೆ ಯಾವ ಮಾತು ಹೇಳಿದ್ದರೂ ಮಾವ ಹಿಂದೆ ಮುಂದೆ ನೋಡುತ್ತಿದ್ದರು. ಕೊಸರು ಅಂದದ್ದೇ ತಡ, ಅವರ ಮುಖ ಅರಳಿತು. ಸಹಿ ಹಾಕಿದರು. ಹೋಗುವಾಗ ಅವನ ಕೈಗೂ ಒಂದು ಲೋಟ ಇಟ್ಟರು.

ನಾನು ಆ ಕಾಗದಗಳನ್ನು ಮನೆಗೆ ಒಯ್ದು ಓದಿದೆ. ಕಾರ್ಡ್ ಕೊಟ್ಟ ಬ್ಯಾಂಕಿಗೊಂದು ಪಾಲು, ಕಾರ್ಡಿನ ಮೇಲೆ ತನ್ನ ಗುರುತು ಒತ್ತಿದ ಕಂಪನಿಗೊಂದು ಪಾಲು, ಮೆಷಿನ್ ಕೊಟ್ಟವನಿಗೊಂದು ಪಾಲು. ಎಲ್ಲ ಸೇರಿ ಕ್ರೆಡಿಟ್ ಕಾರ್ಡಾದರೆ ನೂರಕ್ಕೆ ಎರಡು ರೂಪಾಯಿ, ಆ ಎರಡರ ಮೇಲೆ ಜಿಎಸ್‌ಟಿ. ಮೆಷಿನ್ ಸುಮ್ಮನೆ ಕೂತಿದ್ದರೂ ತಿಂಗಳ ಬಾಡಿಗೆ ಬೇರೆ. ಇದನ್ನು ಗಿರಾಕಿಯ ತಲೆಗೆ ಕಟ್ಟುವ ಹಾಗೂ ಇಲ್ಲ. ಎರಡು ರೂಪಾಯಿ ಏನು ಮಹಾ ಅಂತ ಮಾವ ಅಂದರು. ನಾನು ಬಿಡಿಸಿ ಹೇಳಿದೆ: ನೂರಕ್ಕೆ ಎರಡು ಅಂದರೆ ಲಾಭದ ನೂರಕ್ಕಲ್ಲ, ಬಿಲ್ಲಿನ ನೂರಕ್ಕೆ. ಬಟ್ಟಲಿನಲ್ಲಿ ನಮಗೆ ಉಳಿಯುತ್ತಿದ್ದದ್ದೇ ನೂರಕ್ಕೆ ನಾಲ್ಕೋ ಐದೋ. ಅಂದರೆ ಹತ್ತಿರ ಹತ್ತಿರ ಅರ್ಧ ಲಾಭ ಮೆಷಿನ್ನಿಗೆ. ಮಾವ ತಲೆಯಾಡಿಸಿದರು. ಕೊಸರು ಅನ್ನುವ ಮಾತು ಅವರ ಕಿವಿಯಲ್ಲಿ ಕೂತುಬಿಟ್ಟಿತ್ತು, ನನ್ನ ಬಿ.ಕಾಂ. ಅಲ್ಲಿಗೆ ಇಳಿಯಲಿಲ್ಲ.

ಅದಕ್ಕಿಂತ ದೊಡ್ಡ ಹೊಂಡ ಮುಂದಿತ್ತು. ಕಾರ್ಡಿನಲ್ಲಿ ಕೊಂಡ ಸಾಮಾನು ವಾಪಸ್ ಬಂದರೆ ದುಡ್ಡು ಆ ಕಾರ್ಡಿಗೇ, ಮೆಷಿನ್ನಿನಿಂದಲೇ ಹೋಗಬೇಕು. ಆಗಲೂ ಮೊದಲು ಹಿಡಿದುಕೊಂಡದ್ದು ನಮಗೆ ತಿರುಗಿ ಬರುವುದಿಲ್ಲ. ಗಲ್ಲಾಪೆಟ್ಟಿಗೆಯಿಂದ ನಗದು ಕೊಟ್ಟರಂತೂ ದೊಡ್ಡ ತಪ್ಪು. ಇದನ್ನು ಮಾವನಿಗೆ ಎಷ್ಟು ಸಲ ಹೇಳಿದ್ದೇನೋ, ನನ್ನ ಬಾಯಿ ಒಣಗಿತು. ನಾನು ಎದುರಿಗಿದ್ದಾಗ ಆಯಿತಮ್ಮ ಅನ್ನುತ್ತಿದ್ದರು. ನಾನು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆನೆಂದರೆ ಹಳೆಯ ರೂಢಿಯೇ. ಮಗಳ ಮದುವೆ ಮಾಡಿ ಸುಸ್ತಾಗಿ ಬಂದವರನ್ನು, ದುಡ್ಡು ಕಾರ್ಡಿಗೆ ಬರುತ್ತದೆ ಹೋಗಿ ಅಂತ ಬರಿಗೈಯಲ್ಲಿ ಕಳಿಸುವುದಕ್ಕೆ ಅವರಿಗೆ ನಾಚಿಕೆ.

ಅಜ್ಜಂಪುರದ ಕಡೆಯವನೊಬ್ಬ ಅರಿಸಿನ ಹಚ್ಚಿದ ಲಗ್ನಪತ್ರಿಕೆ ತಂದು, ಕಾರ್ಡ್ ಉಜ್ಜಿ, ಚೀಲಗಟ್ಟಲೆ ಬಟ್ಟಲು ಒಯ್ದ. ಕೆಲವೇ ದಿನಗಳಲ್ಲಿ ಅಷ್ಟನ್ನೂ ವಾಪಸ್ ತಂದು ಮಾವನಿಂದ ನಗದು ತೆಗೆದುಕೊಂಡು ಹೋದ. ನಾನು ಊಟ ಮುಗಿಸಿ ಬಂದು ಚೀಲ ನೋಡಿದೆ. ನಾನೇ ಹಾಕಿದ ಗಂಟು ಹಾಗೇ ಇತ್ತು, ಒಂದನ್ನೂ ಬಿಚ್ಚಿರಲಿಲ್ಲ. ಮದುವೆ ಮುಂದಕ್ಕೆ ಹೋಯಿತಂತೆ ಪಾಪ ಅಂದರು ಮಾವ. ಆ ಪುಣ್ಯಾತ್ಮನಿಗೆ ಎರಡನೇ ಸಲವೂ ಚಮಚ ಕೊಟ್ಟು ಕಳಿಸಿದ್ದರು!

ಕಾರ್ಡಿನಿಂದ ನೋಟು ಮಾಡಿಕೊಳ್ಳುವ ದಾರಿ ತರೀಕೆರೆಯಲ್ಲಿದೆ ಅಂತ ಸುದ್ದಿ ಹೇಗೆ ಹಬ್ಬಿತೋ ಕಾಣೆ. ಬೇರೆ ಕಡೆ ಅದಕ್ಕೆ ದುಡ್ಡು ಕೇಳುತ್ತಾರೆ, ನಮ್ಮಲ್ಲಿ ಖರ್ಚು ನಮ್ಮದು, ಮೇಲೆ ಟೀ, ಚಮಚ. ಮದುವೆ ಇದ್ದವರು ಬಂದರು, ಮದುವೆ ಇಲ್ಲದವರೂ ಬಂದರು. ಅಂಗಡಿ ತುಂಬ ಜನ. ಎದುರುಗಡೆಯವನು ಕರುಬುತ್ತಿದ್ದ. ನಾನು ಕೊನೆಗೆ ಊಟದ ಡಬ್ಬಿ ಅಂಗಡಿಗೇ ತರತೊಡಗಿದೆ, ಒಂದು ದಿನ ಎಲ್ಲರೆದುರಿಗೆ ಮಾವನ ಮೇಲೆ ಕೂಗಾಡಿಯೂ ಬಿಟ್ಟೆ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು.

ಮಾರನೆಯ ದಿನ ಬ್ಯಾಂಕಿಗೆ ಬರಬೇಕಿದ್ದ ಕಾರ್ಡಿನ ದುಡ್ಡು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮೆಷಿನ್ ಕಂಪನಿಗೆ ಫೋನ್ ಮಾಡಿದರೆ ಒಬ್ಬಳು ಹಿಂದಿಯಲ್ಲಿ ಮಾತಾಡಿದಳು, ಅವಳ ಮೇಲಿನವನು ಇಂಗ್ಲಿಷಿನಲ್ಲಿ. ನೀವು ಸಾಮಾನು ಮಾರದೆ ಕಾರ್ಡಿಗೆ ನಗದು ಕೊಡುತ್ತಿದ್ದೀರಿ ಅನ್ನುವ ಅನುಮಾನವಿದೆ, ಅದಕ್ಕೇ ದುಡ್ಡು ತಡೆಹಿಡಿದಿದ್ದೇವೆ ಅಂದ. ಮದುವೆ ಬಟ್ಟಲು, ಮಿಕ್ಕಿದ್ದು, ವಾಪಸ್ಸು, ರೂಢಿ, ಎಲ್ಲವನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ವಾಪಸ್ ಬಂದದ್ದಕ್ಕೆ ಬಿಲ್ ಕಳಿಸಿ ಅಂದ. ಬಿಲ್ ಎಲ್ಲಿಂದ ತರಲಿ? ದಮ್ಮಯ್ಯ ಅಂದೆ, ಅದು ಅವನಿಗೆ ಅರ್ಥವಾಗಲಿಲ್ಲ. ಸಹಿ ಹಾಕಿಸಿಕೊಂಡು ಹೋದವನ ನಂಬರು ಅಷ್ಟರಲ್ಲಿ ಬೇರೆ ಯಾರದೋ ಆಗಿತ್ತು.

ಮಾವ ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರು. ಫೋನ್ ಇಟ್ಟ ಮೇಲೆ, ಅವರು ಏನಂದರು ಅಂತ ಕೇಳಿದರು. ಹೇಳಿದೆ. ಅವರು ಹಣೆಯ ವಿಭೂತಿ ಅಳಿಸಿಹೋಗುವಷ್ಟು ಹೊತ್ತು ಹಣೆ ಉಜ್ಜಿಕೊಂಡರು.

‘ಹಂಗಾರೆ ನಾನು ಕಳ್ಳನೇನಮ್ಮ?’

ಅಲ್ಲ ಅಂತ ತಕ್ಷಣ ಹೇಳಬೇಕಿತ್ತು. ಸಿಟ್ಟಿನಲ್ಲಿ ನಾನು ಅದೇ ನಂಬರಿಗೆ ಮತ್ತೆ ಫೋನ್ ಒತ್ತತೊಡಗಿದೆ.

ಸೀಜನ್ನಿನ ಮಾಲು ಕೊಟ್ಟವರಿಗೆ ಕಟ್ಟಬೇಕಾಗಿದ್ದದ್ದು ಆ ತಡೆಹಿಡಿದ ದುಡ್ಡೇ. ಕಾದರು, ಕೇಳಿದರು, ಆಮೇಲೆ ಕೊಡುವುದನ್ನು ನಿಲ್ಲಿಸಿದರು. ಬಟ್ಟಲೇ ಇಲ್ಲದ ಪಾತ್ರೆ ಅಂಗಡಿಗೆ ಯಾರು ಬರುತ್ತಾರೆ? ನನ್ನ ಗಂಡ ಸಾಲ ತರುತ್ತೇನೆ ಅಂದರು, ಮಾವ ಬೇಡ ಅಂದುಬಿಟ್ಟರು. ಕಂಪನಿಯಿಂದ ಇವತ್ತಿಗೂ ಬರುವುದು ಒಂದೇ ಉತ್ತರ, ಪರಿಶೀಲನೆಯಲ್ಲಿದೆ.

ಇದ್ದಬದ್ದ ಪಾತ್ರೆಗಳನ್ನು ತೂಕಕ್ಕೆ ಕೊಳ್ಳಲು ಕಡೂರಿನ ಸಾಹೇಬರು ಬಂದರು. ಅವರೂ ಪಾತ್ರೆ ವ್ಯಾಪಾರಿಗಳೇ, ಮಾವನ ಬಹುಕಾಲದ ಸ್ನೇಹಿತರು. ಬಂದಾಗಲೆಲ್ಲ ಕೊಸರಿಗಾಗಿ ಮಾವನ ಜೊತೆ ತಮಾಷೆಯ ಜಗಳ ಆಡದೆ ಹೋದವರಲ್ಲ. ಅವತ್ತು ಅವರೂ ತಲೆ ತಗ್ಗಿಸಿಕೊಂಡೇ ತೂಗಿಸಿದರು. ಒಳ್ಳೆಯ ರೇಟನ್ನೇ ಕೊಟ್ಟರು. ಎಲ್ಲ ಗಾಡಿಗೆ ಏರಿದ ಮೇಲೆ, ವಾತಾವರಣ ಸ್ವಲ್ಪ ಹಗುರಾಗಲಿ ಅಂತಲೋ ಏನೋ, ಕೌಂಟರಿನ ಮೇಲೆ ಉಳಿದಿದ್ದ ಒಂದು ಚಿಕ್ಕ ಚೊಂಬನ್ನು ಕೈಗೆತ್ತಿಕೊಂಡರು.

‘ಇದು ನನ್ನ ಕೊಸರು ಯಜಮಾನ್ರೇ’ ಅಂದರು.

ಮಾವ ಚೊಂಬನ್ನೇ ನೋಡುತ್ತಿದ್ದರು. ಎಷ್ಟೋ ವರ್ಷ ಒಂದೊಂದು ಚಮಚಕ್ಕೂ ಅವರ ಜೊತೆ ಜಗಳವಾಡಿದ ನನಗೆ ಆಗ ಅನ್ನಿಸಿದ್ದು ಒಂದೇ, ದೇವರೇ, ಇದೊಂದನ್ನು ಅವರು ಕೊಟ್ಟುಬಿಡಲಿ. ಕೊಡಿ ಮಾವ ಅಂದೆ. ಅವರು ಕೈ ಚಾಚಿ ಸಾಹೇಬರಿಂದ ಚೊಂಬನ್ನು ತೆಗೆದುಕೊಂಡು ತಕ್ಕಡಿಯ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

‘ಈ ಕೊಸರು ನೂರಕ್ಕೆ ಎಷ್ಟು ಬೀಳ್ತದೆ ನೋಡಿ ಹೇಳಮ್ಮ’ ಅಂದರು.